ಗುರುಮುಖವೂ ಯಂತ್ರಮುಖವೂ

ಪ್ರಾಚೀನರು ವಿದ್ಯಾಸಂಪಾದನೆಯನ್ನು ನಾಲ್ಕು ಪಾದಗಳಾಗಿ ವಿಭಾಗಿಸಿರುವರು. ಅವುಗಳಲ್ಲಿ ಒಂದು ಪಾದವು ಮಾತ್ರ ಗುರುವಿನಿಂದ ಬರತಕ್ಕದ್ದು. ಇನ್ನೊಂದು ಶಿಷ್ಯನ ಸ್ವಬುದ್ಧಿಯಿಂದಲೂ, ಮತ್ತೊಂದು ಸಹಪಾಠಿಗಳ ಸಂಗದಿಂದಲೂ, ಉಳಿದುದು ಕಾಲಕ್ರಮದಿಂದಲೂ ಸಿದ್ಧಿಸತಕ್ಕವು ಎಂಬುದು ಅವರ ಮತ. ಪಾಠಶಾಲೆಗಳಲ್ಲಿ ಓದಿದವರೆಲ್ಲರಿಗೂ ಈ ಮಾತು ಪರಿಚಿತವೇ ಆದರೂ ಇದರ ಅರ್ಥವನ್ನು ಪರ್ಯಾಲೋಚಿಸಿದವರು ವಿರಳ. ಗುರುವನ್ನು ದೇವರ ಸಮಾನನೆಂದು ಎಣಿಸಿದ ಸಮಾಜವೇ ಆತನ ಪಾಲಿಗೆ ಕಾಲುಭಾಗವನ್ನಷ್ಟೇ ಬಿಟ್ಟುಕೊಟ್ಟಿತೆಂಬುದು ಆಶ್ಚರ್ಯಕರವಾದರೂ, ಆ ಕಾಲುಭಾಗವಿಲ್ಲದೆ ಉಳಿದ ಮುಕ್ಕಾಲು ಭಾಗವು ನಿಲ್ಲಲಾರದೆಂಬುದೂ ಅದರಲ್ಲಿಯೇ ಅಡಗಿದೆ. ಈ ವಿಭಾಗವನ್ನು ಮನಸ್ಸಿನಲ್ಲಿಟ್ಟುಕೊಂಡು ನೋಡಿದರೆ, ಇಂದು ನೂತನವೆಂದು ಪ್ರಶಂಸೆಗೊಳ್ಳುತ್ತಿರುವ ಒಂದು ಬೋಧನಾಕ್ರಮದ ಇತಿಹಾಸವು ವಿಶದವಾಗುವುದು.

ಶಿಕ್ಷಣಶಾಸ್ತ್ರಜ್ಞರು 'ಬ್ಲೆಂಡೆಡ್ ಲರ್ನಿಂಗ್' ಎಂದು ಕರೆಯುವ ಈ ಕ್ರಮಕ್ಕೆ ಕನ್ನಡದಲ್ಲಿ ಮಿಶ್ರಬೋಧನೆಯೆನ್ನಬಹುದು. ಉಪಾಧ್ಯಾಯರು ತರಗತಿಯಲ್ಲಿ ಎದುರಿಗೆ ನಿಂತು ಹೇಳುವ ಪಾಠವನ್ನೂ, ರೇಡಿಯೋ, ದೂರದರ್ಶನ, ಕಂಪ್ಯೂಟರು, ಅಂತರ್ಜಾಲ ಮೊದಲಾದ ಸಾಧನಗಳ ಮೂಲಕ ವಿದ್ಯಾರ್ಥಿಯು ಪಡೆಯುವ ಪಾಠವನ್ನೂ ಒಂದಕ್ಕೊಂದು ಹೊಂದಿಸಿ ನಡೆಸುವುದೇ ಇದರ ಸ್ವರೂಪ. ೨೦೨೦ನೆಯ ಜುಲೈ ತಿಂಗಳಲ್ಲಿ ಭಾರತ ಸರ್ಕಾರವು ಪ್ರಕಟಿಸಿದ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿಯೂ ಇದಕ್ಕೆ ಸ್ಥಾನವು ದೊರೆತಿದೆ. ಎರಡೂ ಒಂದೇ ಶಾಲೆಯಲ್ಲಿ ಇದ್ದಮಾತ್ರಕ್ಕೆ ಮಿಶ್ರಣವಾಗಲಾರದು. ವೈದ್ಯನು ಕಷಾಯಕ್ಕೆ ಸೇರಿಸುವ ಮೂಲಿಕೆಗಳಂತೆ ಇಲ್ಲಿಯೂ ಪ್ರಮಾಣವೂ ಕ್ರಮವೂ ಗೊತ್ತಾಗಿರಬೇಕು. ಹೆಸರು ಹೊಸದು, ವಸ್ತುವು ಹಾಗಲ್ಲ.

ಈ ಇತಿಹಾಸದ ಒಂದು ಮೂಲವು ಕನ್ನಡ ನಾಡಿನ ಕೂಲಿಮಠಗಳಲ್ಲಿಯೇ ಕಾಣಸಿಗುವುದೆಂದರೆ ಅತಿಶಯೋಕ್ತಿಯಾಗದು. ಮದರಾಸಿನ ಗವರ್ನರನಾಗಿದ್ದ ಸರ್ ಥಾಮಸ್ ಮನ್ರೋ ೧೮೨೨ರಲ್ಲಿ ತನ್ನ ಪ್ರಾಂತದ ಎಲ್ಲ ಜಿಲ್ಲೆಗಳ ಶಾಲೆಗಳ ಸ್ಥಿತಿಯನ್ನು ವಿಚಾರಿಸಿ ತಿಳಿಸಬೇಕೆಂದು ಕಲೆಕ್ಟರುಗಳಿಗೆ ಅಪ್ಪಣೆ ಮಾಡಿದನು. ಅದಕ್ಕುತ್ತರವಾಗಿ ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಬೆಲ್ ೧೮೨೩ನೆಯ ಆಗಸ್ಟಿನಲ್ಲಿ ಬರೆದ ವರದಿಯು ಇಂದಿಗೂ ಓದತಕ್ಕದ್ದಾಗಿದೆ. ಈತನು ತೆಲುಗಿಗೆ ವ್ಯಾಕರಣವನ್ನು ಬರೆದ ವಿದ್ವಾಂಸ. ಆದುದರಿಂದ ಅಂಕಿಗಳನ್ನಷ್ಟೇ ತುಂಬಿಸಿ ಕಳುಹಿಸಿ ಸುಮ್ಮನಾಗಲಿಲ್ಲ. ೯,೨೭,೮೫೭ ಜನರಿದ್ದ ಆ ಜಿಲ್ಲೆಯಲ್ಲಿ ೫೩೩ ಶಾಲೆಗಳೂ ಅವುಗಳಲ್ಲಿ ೬,೬೪೧ ವಿದ್ಯಾರ್ಥಿಗಳೂ ಇದ್ದರು. ಮಕ್ಕಳು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರಗಳನ್ನು ತೀಡುತ್ತಿದ್ದರು. ತರುವಾಯ ಅಕ್ಕಿಯ ಗಂಜಿಯನ್ನೂ ಇದ್ದಲ ಪುಡಿಯನ್ನೂ ಬಳಿದು ಕಪ್ಪುಮಾಡಿದ ಹಲಗೆಯ ಮೇಲಾಗಲಿ, ಹಾಗೆಯೇ ಸಿದ್ಧಪಡಿಸಿ ಪುಸ್ತಕದಂತೆ ಮಡಿಸಿದ ಬಟ್ಟೆಯ ಕಡತದ ಮೇಲಾಗಲಿ ಬಳಪದಿಂದ ಬರೆಯುತ್ತಿದ್ದರು. ಅನಂತರ ಓಲೆಗರಿ, ಕಾಗದ. ಇವೆಲ್ಲಕ್ಕೂ ತಗಲುತ್ತಿದ್ದ ವೆಚ್ಚವು ಅತ್ಯಲ್ಪ. ಮುಂದಿನ ಮಕ್ಕಳು ಹಿಂದಿನವರಿಗೆ ಕಲಿಸುತ್ತಾ, ಕಲಿಸುವುದರಿಂದ ತಮ್ಮ ಪಾಠವನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದ ಪದ್ಧತಿಯನ್ನು ಕ್ಯಾಂಬೆಲನು ಮನಸಾರೆ ಮೆಚ್ಚಿ, ಇಂಗ್ಲೆಂಡು ಇದನ್ನು ಅನುಕರಿಸಿದುದು ಯುಕ್ತವೇ ಆಯಿತೆಂದು ಬರೆದನು. ಮೆಚ್ಚಿಕೆಯ ಜೊತೆಯಲ್ಲಿ ಆಕ್ಷೇಪಣೆಯೂ ಇದ್ದಿತು. ಮಕ್ಕಳು ಕಂಠಪಾಠ ಮಾಡುತ್ತಿದ್ದ ಗ್ರಂಥಗಳ ಭಾಷೆಯು ಆಡುಮಾತಿಗೆ ದೂರವಾದುದರಿಂದ ಅರ್ಥವು ಅವರಿಗೆ ಹೊಳೆಯುತ್ತಿರಲಿಲ್ಲ ಎಂದನು. ಹಲಗೆ, ಕಡತ, ಬಳಪಗಳು ಆ ಕಾಲದ ಯಂತ್ರಗಳು. ಯಂತ್ರವಿದ್ದಿತು, ಸಹಪಾಠಿಗಳಿದ್ದರು, ಕಾಲವೂ ಬೇಕಾದಷ್ಟಿದ್ದಿತು. ಅರ್ಥವನ್ನು ಬಿಡಿಸಿ ಹೇಳುವವರು ಮಾತ್ರ ಸಾಲದಾಗಿದ್ದರು. ಈ ಕೊರತೆಯು ಮುಂದಿನ ಎರಡು ಶತಮಾನಗಳ ಕಥೆಯಲ್ಲಿ ಪುನಃ ಪುನಃ ತಲೆದೋರುವುದು.

ಇಂಗ್ಲೆಂಡು ಅನುಕರಿಸಿತೆಂಬ ಮಾತಿನ ಹಿನ್ನೆಲೆಯು ಹೀಗಿದೆ. ಸ್ಕಾಟ್ಲೆಂಡಿನ ಆಂಡ್ರ್ಯೂ ಬೆಲ್ ಎಂಬ ಪಾದ್ರಿಯು ೧೭೮೭ರಲ್ಲಿ ಮದರಾಸಿಗೆ ಬಂದು, ೧೭೮೯ರಲ್ಲಿ ಎಗ್ಮೂರಿನಲ್ಲಿದ್ದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದನು. ಒಂದು ದಿನ ಜಗಲಿಯ ಶಾಲೆಯೊಂದರಲ್ಲಿ ಮಕ್ಕಳು ಮರಳಿನಲ್ಲಿ ಅಕ್ಷರ ತೀಡುತ್ತಿದ್ದುದನ್ನು ಕಂಡು, ಅದನ್ನೇ ತನ್ನಲ್ಲಿಯೂ ಮಾಡಿಸಬೇಕೆಂದು ಉಪಾಧ್ಯಾಯನಿಗೆ ಆಜ್ಞಾಪಿಸಿದನು. ಅದು ಆಗದ ಕೆಲಸವೆಂದು ಆತನು ಹೇಳಲು, ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೇ ಬೆಲ್ಲನು ಆ ಕೆಲಸವನ್ನು ಒಪ್ಪಿಸಿದನು. ಹುಡುಗನು ಮಾಡಿ ತೋರಿಸಿದನು. ೧೭೯೭ರಲ್ಲಿ ಬೆಲ್ಲನು ಇದನ್ನು ಪುಸ್ತಕವಾಗಿ ಪ್ರಕಟಿಸಲು 'ಮದರಾಸು ಪದ್ಧತಿ' ಎಂಬ ಹೆಸರಿನಿಂದ ಅದು ಪ್ರಸಿದ್ಧವಾಯಿತು. ಜೋಸೆಫ್ ಲ್ಯಾಂಕಾಸ್ಟರನೂ ಲಂಡನ್ನಿನಲ್ಲಿ ಇಂಥದೇ ಕ್ರಮವನ್ನು ಬೆಳೆಯಿಸಿ, ನೂರಾರು ಮಕ್ಕಳಿಗೆ ಒಬ್ಬನೇ ಉಪಾಧ್ಯಾಯನು ಸಾಕೆಂದು ಸಾರಿದನು. ಖರ್ಚನ್ನು ಉಳಿಸುವ ಆಸೆಯಿಂದ ಜನರು ಇದಕ್ಕೆ ಮರುಳಾದುದು ಸಹಜವೇ. ಆದರೆ ಕೂಲಿಮಠದಲ್ಲಿ ಉಪಾಧ್ಯಾಯನ ಕಣ್ಣೆದುರಿಗೆ ನಾಲ್ಕಾರು ಮಕ್ಕಳ ನಡುವೆ ನಡೆಯುತ್ತಿದ್ದ ಕೆಲಸವನ್ನು ನೂರಾರು ಮಕ್ಕಳ ಕೊಠಡಿಯಲ್ಲಿ ಕಾರ್ಖಾನೆಯ ಕೆಲಸದಂತೆ ನಡೆಸಹೊರಟಾಗ ಅದು ಬರಿಯ ಗಿಳಿಪಾಠವಾಯಿತು. ೧೮೪೬ರಿಂದ ಇಂಗ್ಲೆಂಡಿನಲ್ಲಿ ತರಬೇತು ಹೊಂದುವ ಶಿಷ್ಯ-ಉಪಾಧ್ಯಾಯರ ಏರ್ಪಾಡು ಬಂದು ಹಳೆಯ ಪದ್ಧತಿಯು ಮೂಲೆ ಸೇರಿತು. ಸಹಪಾಠಿಗಳಿಂದ ಬರುವುದು ಕಾಲುಭಾಗವೇ ಹೊರತು ಪೂರ್ಣಭಾಗವಲ್ಲವೆಂಬುದನ್ನು ಲ್ಯಾಂಕಾಸ್ಟರನಿಗೆ ಯಾರೂ ಹೇಳಿರಲಿಲ್ಲವೆಂದು ತೋರುವುದು.

ಇಪ್ಪತ್ತನೆಯ ಶತಮಾನದಲ್ಲಿ ವಿದ್ಯುತ್ತು ಶಾಲೆಗೆ ಪ್ರವೇಶಿಸಿತು. ಚಲಚ್ಚಿತ್ರಯಂತ್ರಕ್ಕಾಗಿ ಬಹಳವಾಗಿ ಶ್ರಮಿಸಿದ ಥಾಮಸ್ ಎಡಿಸನ್ನನು ೧೯೧೩ರಲ್ಲಿ, ಇನ್ನು ಹತ್ತು ವರ್ಷಗಳಲ್ಲಿ ಶಾಲೆಗಳ ಕ್ರಮವೇ ಮಾರ್ಪಟ್ಟು ಪುಸ್ತಕಗಳು ಅನಾವಶ್ಯಕವಾಗುವುವೆಂದು ಭವಿಷ್ಯ ನುಡಿದನು. ಪುಸ್ತಕಗಳು ಇನ್ನೂ ಇವೆ. ಇದಕ್ಕಿಂತ ವಿನಯದಿಂದ ಹೊರಟವರು ಹೆಚ್ಚು ದೂರ ನಡೆದರು. ೧೯೨೪ನೆಯ ಏಪ್ರಿಲ್ ೪ರಂದು ಬಿ.ಬಿ.ಸಿ.ಯವರು ಬ್ರಿಟನ್ನಿನ ಶಾಲೆಗಳಿಗಾಗಿ ರೇಡಿಯೋ ಪಾಠವನ್ನು ಪ್ರಾರಂಭಿಸಿದಾಗ, ಸಂಗೀತಜ್ಞನಾದ ವಾಲ್ಫರ್ಡ್ ಡೇವೀಸನು ಮೊದಲ ಪಾಠವನ್ನು ಹೇಳಿದನು. ೧೯೨೭ರಲ್ಲಿ ಕೆಂಟ್ ಪ್ರಾಂತದ ಶಾಲೆಗಳಲ್ಲಿ ಇದರ ಪರೀಕ್ಷೆಯೊಂದು ನಡೆಯಿತು. ಅಮೆರಿಕಾದ ಮಿಚಿಗನ್ ಸಂಸ್ಥಾನದ ಬೆಂಟನ್ ಹಾರ್ಬರ್ ಎಂಬ ಊರಿನ ಹೈಸ್ಕೂಲಿನಲ್ಲಿ ೧೯೨೩ರಲ್ಲಿಯೇ ಇನ್ನೊಂದು ಉಪಾಯವು ಬಳಕೆಗೆ ಬಂದಿದ್ದಿತು. ಆ ಊರಿನಲ್ಲಿ ಕಲಿಸುವವರಿಲ್ಲದ ವಿಷಯಗಳನ್ನು ವಿದ್ಯಾರ್ಥಿಗಳು ಅಂಚೆಯ ಮೂಲಕ ಬರುವ ಪಾಠಗಳಿಂದ ಕಲಿಯತಕ್ಕದ್ದು. ಆದರೆ ಮನೆಯಲ್ಲಲ್ಲ, ಶಾಲೆಯ ವೇಳೆಯಲ್ಲಿಯೇ, ಉಪಾಧ್ಯಾಯರೊಬ್ಬರ ಮೇಲ್ವಿಚಾರಣೆಯಲ್ಲಿ. ಅಂಚೆಯ ಪಾಠವನ್ನು ಒಂಟಿಯಾಗಿ ಓದುವವರು ನಡುವೆಯೇ ಕೈಬಿಡುವುದು ಎಲ್ಲ ದೇಶಗಳಲ್ಲಿಯೂ ಕಂಡುಬಂದ ಸಂಗತಿ. ಎದುರಿಗೆ ಒಬ್ಬರು ಕುಳಿತು 'ಎಲ್ಲಿಗೆ ಬಂತು?' ಎಂದು ಕೇಳುವುದಕ್ಕೆ ಎಷ್ಟು ಬಲವಿದೆಯೆಂಬುದನ್ನು ಆ ಊರಿನವರು ಚೆನ್ನಾಗಿ ಬಲ್ಲವರಾಗಿದ್ದರು.

ಭಾರತದಲ್ಲಿ ಈ ವಿಷಯಕ್ಕೆ ಸ್ಪಷ್ಟವಾದ ಪ್ರಮಾಣವು ದೊರೆತುದು ಶಾಲೆಯಲ್ಲಲ್ಲ, ಹಳ್ಳಿಯ ಚಾವಡಿಯಲ್ಲಿ. ೧೯೫೬ರಲ್ಲಿ ಆಕಾಶವಾಣಿಯ ಪುಣೆಯ ಕೇಂದ್ರವು ಯುನೆಸ್ಕೋ ಸಂಸ್ಥೆಯ ಸಹಾಯದಿಂದ, ಆಗಿನ ಮುಂಬಯಿ ರಾಜ್ಯದ ಐದು ಮರಾಠಿ ಜಿಲ್ಲೆಗಳಲ್ಲಿ ರೈತರಿಗಾಗಿ ಇಪ್ಪತ್ತು ಕಾರ್ಯಕ್ರಮಗಳನ್ನು ಪ್ರಸಾರ ಮಾಡಿತು. ಸುಮಾರು ೧೫೦ ಹಳ್ಳಿಗಳಲ್ಲಿ ರೈತರು ಕೂಟಗಳಾಗಿ ಸೇರಿ, ಕೇಳಿ, ಕೇಳಿದುದನ್ನು ಚರ್ಚಿಸಿ, ತಮ್ಮ ಪ್ರಶ್ನೆಗಳನ್ನು ಕೇಂದ್ರಕ್ಕೆ ಬರೆದು ಕಳುಹಿಸುತ್ತಿದ್ದರು. ಇದರ ಫಲವನ್ನು ಅಳೆದ ಪಾಲ್ ನ್ಯೂರಾತ್ ಎಂಬ ಸಮಾಜಶಾಸ್ತ್ರಜ್ಞನು ಮೂರು ಬಗೆಯ ಹಳ್ಳಿಗಳನ್ನು ಹೋಲಿಸಿ ನೋಡಿದನು: ಕೂಟವಿದ್ದವು, ರೇಡಿಯೋ ಇದ್ದು ಕೂಟವಿಲ್ಲದವು, ರೇಡಿಯೋ ಇಲ್ಲದವು. ಕೂಟವಿದ್ದ ಹಳ್ಳಿಗಳಲ್ಲಿ ತಿಳಿವಳಿಕೆಯು ಬಹಳವಾಗಿ ಹೆಚ್ಚಿದ್ದಿತು. ಬರಿಯ ರೇಡಿಯೋ ಇದ್ದಲ್ಲಿ ಆದ ಲಾಭವು ಎಣಿಕೆಗೆ ಬಾರದಷ್ಟು ಅಲ್ಪ. ಒಂದೇ ವಾಣಿ, ಒಂದೇ ಭಾಷೆ, ಒಂದೇ ಸಮಯ. ಒಂದು ಕಡೆ ಅದು ಬೀಜವಾಯಿತು, ಇನ್ನೊಂದು ಕಡೆ ಗಾಳಿಯಲ್ಲಿ ಹೋಯಿತು.

ಅದೇ ನ್ಯೂರಾತನು ಕೆಲವು ವರ್ಷಗಳ ತರುವಾಯ ಪ್ರೌಢಶಾಲೆಗಳ ಪರೀಕ್ಷಕನಾಗಿಯೂ ಬಂದನು. ದೆಹಲಿಯಲ್ಲಿ ದೂರದರ್ಶನವು ೧೯೫೯ನೆಯ ಸೆಪ್ಟೆಂಬರ್ ೧೫ರಂದು ಪ್ರಾಯೋಗಿಕವಾಗಿ ಪ್ರಾರಂಭವಾಗಿದ್ದಿತು. ದೇಶವಿಭಜನೆಯ ತರುವಾಯ ಆ ನಗರದ ಜನಸಂಖ್ಯೆಯು ಒಮ್ಮೆಲೇ ಏರಿ, ಶಾಲೆಗಳು ಎರಡು ಸರದಿಗಳಲ್ಲಿಯೂ ಎಷ್ಟೋ ಕಡೆ ಡೇರೆಗಳಲ್ಲಿಯೂ ನಡೆಯುತ್ತಿದ್ದುವು. ಭೌತ ರಸಾಯನ ಶಾಸ್ತ್ರಗಳನ್ನು ಕಲಿಸಬಲ್ಲ ಉಪಾಧ್ಯಾಯರು ಸಾಲದು. ಪ್ರಯೋಗಶಾಲೆಗಳಂತೂ ಹಲವು ಕಡೆ ಇಲ್ಲವೇ ಇಲ್ಲ. ಇಂಥ ಸಂದರ್ಭದಲ್ಲಿ ೧೯೬೧ನೆಯ ಅಕ್ಟೋಬರಿನಲ್ಲಿ ಫೋರ್ಡ್ ಪ್ರತಿಷ್ಠಾನದ ನೆರವಿನಿಂದ ಉಚ್ಚ ಮಾಧ್ಯಮಿಕ ಶಾಲೆಗಳಿಗಾಗಿ ದೂರದರ್ಶನದ ಪಾಠಗಳು ಮೊದಲಾದುವು. ಇವು ಪಠ್ಯಕ್ರಮಕ್ಕೆ ಹೊರತಾದ ವಿನೋದಗಳಲ್ಲ. ವೇಳಾಪಟ್ಟಿಯಲ್ಲಿಯೇ ಸ್ಥಾನವನ್ನು ಪಡೆದ ಪಾಠಗಳು. ಪಾಠದ ಟಿಪ್ಪಣಿಗಳು ಮೊದಲೇ ಶಾಲೆಗೆ ಬರುತ್ತಿದ್ದುವು. ಉಪಾಧ್ಯಾಯರು ಪೀಠಿಕೆಯನ್ನು ಹೇಳಬೇಕು. ಸುಮಾರು ಇಪ್ಪತ್ತು ನಿಮಿಷ ಪರದೆಯ ಪಾಠ. ಉಳಿದ ಹೊತ್ತು ಉಪಾಧ್ಯಾಯರದು. ಕೈಗೆ ಪಿಪೆಟ್ಟು ಸಿಗದ ಮಕ್ಕಳು ಪರದೆಯಲ್ಲಾದರೂ ಪ್ರಯೋಗವನ್ನು ಕಣ್ಣಾರೆ ಕಾಣುವಂತಾಯಿತು. ಕಾಣುವುದು ಬೇರೆ, ಮಾಡುವುದು ಬೇರೆ, ನಿಜ. ಕಾಣದೆಯೇ ಕಂಠಪಾಠ ಮಾಡುವುದಕ್ಕಿಂತ ಇದು ಮೇಲು. ನ್ಯೂರಾತನ ತೀರ್ಮಾನವೂ ಇಂಥ ಮಿತವಾದುದೇ: ದೂರದರ್ಶನವಿದ್ದ ಶಾಲೆಗಳ ಮಕ್ಕಳು ಇಲ್ಲದ ಶಾಲೆಗಳವರಿಗಿಂತ ಸ್ವಲ್ಪ ಮುಂದಿದ್ದರು. ಈ 'ಸ್ವಲ್ಪ' ಎಂಬ ಮಾತಿನಿಂದ ಯಂತ್ರದ ಅಭಿಮಾನಿಗಳಿಗೂ ನಿಂದಕರಿಗೂ ಸಮಾಧಾನವಾಗಲಿಲ್ಲ. ಆದರೆ ಶಾಲೆಯ ಕೆಲಸದಲ್ಲಿ ಸ್ವಲ್ಪವೆಂಬುದು ಸಣ್ಣದಲ್ಲವೆಂಬುದನ್ನು ಹೈಸ್ಕೂಲಿನ ತರಗತಿಗಳನ್ನು ನಡೆಸಿದವರು ಬಲ್ಲರು.

ಇದೇ ದಶಕದಲ್ಲಿ ಭೂಮಂಡಲದ ಎರಡು ದೂರದ ಸ್ಥಳಗಳಲ್ಲಿ ನಡೆದ ಸಾಹಸಗಳು ಈ ಇತಿಹಾಸದ ಅತ್ಯಂತ ಬೋಧಪ್ರದವಾದ ಭಾಗಗಳಾಗಿವೆ. ಒಂದು ಪೆಸಿಫಿಕ್ ಮಹಾಸಾಗರದ ಅಮೆರಿಕನ್ ಸಮೋವಾ ದ್ವೀಪಗಳದು. ಅಲ್ಲಿಗೆ ೧೯೬೧ರಲ್ಲಿ ಗವರ್ನರಾಗಿ ಬಂದ ಎಚ್. ರೆಕ್ಸ್ ಲೀ ಎಂಬಾತನು ಶಾಲೆಗಳ ದುಃಸ್ಥಿತಿಯನ್ನು ಕಂಡು ಮರುಗಿ, ಅದನ್ನು ಒಂದೇ ಏಟಿಗೆ ಸರಿಪಡಿಸಬೇಕೆಂದು ಸಂಕಲ್ಪಿಸಿದನು. ೧೯೬೪ರಿಂದ ಪಾಗೊ ಪಾಗೊ ನಗರದ ಸ್ಟುಡಿಯೋದಲ್ಲಿ ಕುಳಿತ ಹೊರನಾಡಿನ ಉಪಾಧ್ಯಾಯರು ಸಮಸ್ತ ಶಾಲೆಗಳಿಗೂ ಪಾಠದ ತಿರುಳನ್ನು ಪ್ರಸಾರ ಮಾಡತೊಡಗಿದರು. ತರಗತಿಯಲ್ಲಿದ್ದ ಸಮೋವಾದ ಉಪಾಧ್ಯಾಯರು ಅದನ್ನು ಹಿಂಬಾಲಿಸತಕ್ಕವರಾದರು. ಕೆಳಗಿನ ತರಗತಿಗಳಲ್ಲಿ ಇದು ಮೊದಮೊದಲು ಉಪಕಾರಕವಾಯಿತು. ಹೈಸ್ಕೂಲಿನಲ್ಲಿ ಹಾಗಾಗಲಿಲ್ಲ. ಹದಿನಾಲ್ಕು ಹದಿನೈದು ವರ್ಷದ ಮಕ್ಕಳು ದಿನವೆಲ್ಲ ಪೆಟ್ಟಿಗೆಯ ಮುಂದೆ ಕುಳಿತು ಬೇಸತ್ತರು. ಉಪಾಧ್ಯಾಯರು, ತಮಗೆ ತಿಳಿದುದನ್ನು ತಮ್ಮ ಮಕ್ಕಳಿಗೆ ತಮ್ಮ ಕ್ರಮದಲ್ಲಿ ಹೇಳಲು ಅವಕಾಶವಿಲ್ಲದುದರಿಂದ ಕುಪಿತರಾದರು. ಮುಂದಿನ ದಶಕದಲ್ಲಿ ಪ್ರೌಢಶಾಲೆಗಳು ಒಂದೊಂದಾಗಿ ಯಂತ್ರವನ್ನು ದೂರವಿಟ್ಟುವು. ಇಲ್ಲಿ ಮಿಶ್ರಣವಿದ್ದಿತೇ ಎಂದರೆ, ಇದ್ದಿತು. ಆದರೆ ಗುರುವು ಯಂತ್ರದ ಸೇವಕನಾಗಿದ್ದನು.

ಇನ್ನೊಂದು ಮೆಕ್ಸಿಕೋ ದೇಶದ್ದು. ಅಲ್ಲಿ ಪ್ರಾಥಮಿಕ ಶಾಲೆಯನ್ನು ಮುಗಿಸಿದ ಹಳ್ಳಿಯ ಮಕ್ಕಳಿಗೆ ಮುಂದೆ ಓದುವುದಕ್ಕೆ ಶಾಲೆಯೇ ಇರಲಿಲ್ಲ. ವಿಷಯಕ್ಕೊಬ್ಬ ಉಪಾಧ್ಯಾಯನನ್ನು ಪ್ರತಿಯೊಂದು ಹಳ್ಳಿಗೂ ಕಳುಹಿಸುವುದು ಅಸಾಧ್ಯ. ಆಲ್ವಾರೋ ಗಾಲ್ವೆಸ್ ಇ ಫುಯೆಂತೆಸ್ ಎಂಬಾತನ ಯೋಜನೆಯಂತೆ ೧೯೬೮ರಲ್ಲಿ 'ತೆಲೆಸೆಕುಂದಾರಿಯಾ', ಎಂದರೆ ದೂರದರ್ಶನದ ಮಾಧ್ಯಮಿಕ ಶಾಲೆಯು, ೩೦೪ ಕೊಠಡಿಗಳಲ್ಲಿ ೬,೫೬೯ ವಿದ್ಯಾರ್ಥಿಗಳೊಂದಿಗೆ ಆರಂಭವಾಯಿತು. ಕೊಠಡಿಯನ್ನು ಊರಿನವರು ಒದಗಿಸಬೇಕು. ಪ್ರತಿಯೊಂದು ಕೊಠಡಿಗೂ ಒಬ್ಬನೇ ಉಪಾಧ್ಯಾಯ. ಎಲ್ಲ ವಿಷಯಗಳಿಗೂ ಅವನೇ. ಮೊದಲಿನವರು ಬಹುಮಟ್ಟಿಗೆ ಪ್ರಾಥಮಿಕ ಶಾಲೆಯ ಅನುಭವವುಳ್ಳವರು. ಗಂಟೆಗೆ ಕಾಲು ಗಂಟೆಯಿಂದ ಇಪ್ಪತ್ತು ನಿಮಿಷದವರೆಗೆ ಪರದೆಯ ಪಾಠ. ಉಳಿದ ಹೊತ್ತೆಲ್ಲ ಪುಸ್ತಕ, ಪ್ರಶ್ನೆ, ಚರ್ಚೆ, ಲೆಕ್ಕ. ತನಗೆ ಗೊತ್ತಿಲ್ಲದ ವಿಷಯವನ್ನು ಉಪಾಧ್ಯಾಯನು ಮಕ್ಕಳ ಜೊತೆಯಲ್ಲಿಯೇ ಕುಳಿತು ಕೇಳಿ, ಅನಂತರ ಅವರ ಜೊತೆಯಲ್ಲಿಯೇ ಬಿಡಿಸಬೇಕಾಗಿದ್ದಿತು. ಪಂಡಿತರ ದೃಷ್ಟಿಗೆ ಇದು ಲಾಘವವೆಂದು ತೋರಬಹುದು. ಆದರೆ ತಿಳಿಯದುದನ್ನು ತಿಳಿದುಕೊಳ್ಳುವ ಬಗೆ ಹೇಗೆಂಬುದನ್ನು ಮಕ್ಕಳು ಅಲ್ಲಿ ಕಣ್ಣಾರೆ ಕಂಡರು. ಆ ವ್ಯವಸ್ಥೆಯು ನಿಂತುಹೋಗದೆ ಅರ್ಧ ಶತಮಾನವನ್ನು ದಾಟಿ ಹತ್ತು ಲಕ್ಷಕ್ಕೂ ಮಿಕ್ಕ ವಿದ್ಯಾರ್ಥಿಗಳನ್ನು ಒಳಗೊಂಡಿತು. ಪಟ್ಟಣದ ಶಾಲೆಗಳ ಮಟ್ಟವನ್ನು ಈ ಮಕ್ಕಳು ಮುಟ್ಟಲಿಲ್ಲವೆಂಬ ಆಕ್ಷೇಪಣೆಯು ಇದ್ದೇ ಇದೆ. ಬಡಹಳ್ಳಿಯ ಮಕ್ಕಳನ್ನು ಪಟ್ಟಣದ ಮಕ್ಕಳೊಡನೆ ತೂಗುವಾಗ, ತೆಲೆಸೆಕುಂದಾರಿಯಾ ಇಲ್ಲದಿದ್ದರೆ ಅವರು ಎಲ್ಲಿರುತ್ತಿದ್ದರೆಂಬುದನ್ನೂ ತಕ್ಕಡಿಗೆ ಹಾಕಬೇಕು.

ಕನ್ನಡಿಗರಿಗೆ ಈ ವಿಷಯದಲ್ಲಿ ನೇರವಾದ ಅನುಭವವು ಬಂದುದು ೧೯೭೫ರಲ್ಲಿ. ಭಾರತದ ಬಾಹ್ಯಾಕಾಶ ಸಂಸ್ಥೆಯು ಅಮೆರಿಕಾದ 'ಎ.ಟಿ.ಎಸ್.–೬' ಉಪಗ್ರಹವನ್ನು ಒಂದು ವರ್ಷಕಾಲ ಪಡೆದು, ಆ ವರ್ಷದ ಆಗಸ್ಟ್ ೧ರಿಂದ ೧೯೭೬ನೆಯ ಜುಲೈ ೩೧ರವರೆಗೆ ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ದೂರದರ್ಶನವನ್ನು ತಲುಪಿಸಿತು. ಇದನ್ನು 'ಸೈಟ್' ಪ್ರಯೋಗವೆನ್ನುವರು. ಕರ್ನಾಟಕದಲ್ಲಿ ಬಿಜಾಪುರ, ಗುಲ್ಬರ್ಗಾ, ರಾಯಚೂರು ಜಿಲ್ಲೆಗಳು ಇದಕ್ಕೆ ಸೇರಿದ್ದುವು. ವಿಕ್ರಮ ಸಾರಾಭಾಯಿಯವರ ಕನಸಾಗಿದ್ದ ಈ ಕಾರ್ಯವನ್ನು ನೋಡಲು ಅವರು ಬದುಕಿರಲಿಲ್ಲ, ೧೯೭೧ರಲ್ಲಿಯೇ ತೀರಿಕೊಂಡಿದ್ದರು. ಬೆಳಗಿನ ಹೊತ್ತು ಮಕ್ಕಳಿಗಾಗಿ ಕಾರ್ಯಕ್ರಮ; ಸಂಜೆ ಊರಿಗೆಲ್ಲ. ಕೋಳಿಗೂಡಿನ ಜಾಲರಿಯಿಂದ ಮಾಡಿದ, ಸುಮಾರು ಹತ್ತು ಅಡಿ ಅಗಲದ ಕೊಡೆಯಂಥ ಆಂಟೆನಾವು ಶಾಲೆಯ ಬಳಿ ನಿಂತು, ೩೬,೦೦೦ ಕಿಲೋಮೀಟರು ಎತ್ತರದಿಂದ ಕನ್ನಡದ ಮಾತನ್ನು ಹಿಡಿದುಕೊಡುತ್ತಿದ್ದಿತು. ಆ ಕನ್ನಡದ ಕಾರ್ಯಕ್ರಮಗಳು ಹೈದರಾಬಾದಿನ ಕೇಂದ್ರದಲ್ಲಿ ಸಿದ್ಧವಾಗುತ್ತಿದ್ದುವೆಂಬುದೂ ಒಂದು ವಿಶೇಷ. ಪ್ರಾಥಮಿಕ ಶಾಲೆಯ ಮಕ್ಕಳಿಗಾಗಿ ಮಾಡಿದ ಈ ಪ್ರಯೋಗವನ್ನು ಇಲ್ಲಿ ಹೇಳುವುದು ಅದರ ಇನ್ನೊಂದು ಅಂಗಕ್ಕಾಗಿ. ರಜೆಯ ದಿನಗಳಲ್ಲಿ ಸುಮಾರು ೫೦,೦೦೦ ಉಪಾಧ್ಯಾಯರಿಗೆ ವಿಜ್ಞಾನಬೋಧನೆಯ ತರಬೇತು ನಡೆಯಿತು. ಅದರಲ್ಲಿ ದೂರದರ್ಶನದ ಪಾಠ, ರೇಡಿಯೋ, ಮುದ್ರಿತ ಪುಸ್ತಕ, ಕೈಯಾರೆ ಮಾಡುವ ಪ್ರಯೋಗ, ಎದುರಿಗೆ ಕುಳಿತ ಮಾರ್ಗದರ್ಶಕರು ಎಲ್ಲರೂ ಇದ್ದರು. ಮಿಶ್ರಬೋಧನೆಯೆಂಬ ಹೆಸರು ಹುಟ್ಟುವುದಕ್ಕೆ ಎಷ್ಟೋ ಮುಂಚೆಯೇ, ಉಪಾಧ್ಯಾಯರನ್ನೇ ವಿದ್ಯಾರ್ಥಿಗಳನ್ನಾಗಿ ಮಾಡಿಕೊಂಡು ಅದು ಹೀಗೆ ನೆರವೇರಿತು. ಆದರೆ ಒಂದು ವರ್ಷವು ಕಳೆಯುತ್ತಲೇ ಉಪಗ್ರಹವು ಒಡೆಯರಿಗೆ ಹಿಂದಿರುಗಿತು. ಗುಲ್ಬರ್ಗಾದಲ್ಲಿ ೧೯೭೭ರಲ್ಲಿ ಪ್ರಸಾರಕೇಂದ್ರವು ತೆರೆಯುವವರೆಗೂ ಆ ಭಾಗದ ಹಳ್ಳಿಗಳಲ್ಲಿ ಪೆಟ್ಟಿಗೆಗಳಿದ್ದುವು, ಚಿತ್ರವಿರಲಿಲ್ಲ. ಬಂದು ಹೋಗುವ ನೆಂಟನಂತೆ ಯಂತ್ರವು ಬಂದರೆ ಶಾಲೆಯ ನಿತ್ಯಕೃತ್ಯದಲ್ಲಿ ಅದಕ್ಕೆ ಸ್ಥಾನವು ದೊರೆಯುವುದು ಹೇಗೆ?

ಕಂಪ್ಯೂಟರಿನ ಪ್ರವೇಶದ ವಿಷಯದಲ್ಲಿ ಹೆಚ್ಚು ಹೇಳತಕ್ಕದ್ದಿಲ್ಲ. ೧೯೮೪-೮೫ರಲ್ಲಿ ಕೇಂದ್ರ ಸರ್ಕಾರವು 'ಕ್ಲಾಸ್' ಎಂಬ ಯೋಜನೆಯಿಂದ ೨೫೦ ಪ್ರೌಢಶಾಲೆಗಳಿಗೆ ಬ್ರಿಟಿಷ್ ಮಾದರಿಯ ಸಣ್ಣ ಕಂಪ್ಯೂಟರುಗಳನ್ನು ಕೊಡಿಸಿತು. ಕರ್ನಾಟಕ ಸರ್ಕಾರದ 'ಮಾಹಿತಿ ಸಿಂಧು' ಯೋಜನೆಯು ೨೦೦೧ರ ಸುಮಾರಿಗೆ ಸಾವಿರ ಸರ್ಕಾರಿ ಪ್ರೌಢಶಾಲೆಗಳನ್ನು ಮುಟ್ಟಿತು. ಇಂಥ ಯೋಜನೆಗಳಲ್ಲಿ ಬಹುಕಾಲ ಕಂಪ್ಯೂಟರೇ ಒಂದು ಪಾಠವಾಗಿದ್ದಿತೇ ಹೊರತು ಗಣಿತ ವಿಜ್ಞಾನಗಳ ಪಾಠಕ್ಕೆ ಅದು ಸಾಧನವಾಗಲಿಲ್ಲ. ಕಂಪ್ಯೂಟರಿನ ಕೊಠಡಿಯು ಒಂದು ಕಡೆ, ಗಣಿತದ ಉಪಾಧ್ಯಾಯರು ಇನ್ನೊಂದು ಕಡೆ. ಬೀಗದ ಕೈ ಮೂರನೆಯವರಲ್ಲಿ.

ಮಿಶ್ರಣದ ಕ್ರಮವನ್ನೇ ತಲೆಕೆಳಗು ಮಾಡಿದವರು ಅಮೆರಿಕಾದ ಕೊಲರಾಡೋ ಸಂಸ್ಥಾನದ ವುಡ್‌ಲ್ಯಾಂಡ್ ಪಾರ್ಕ್ ಎಂಬ ಬೆಟ್ಟದೂರಿನ ಹೈಸ್ಕೂಲಿನ ಇಬ್ಬರು ರಸಾಯನಶಾಸ್ತ್ರದ ಉಪಾಧ್ಯಾಯರು. ಆಟದ ಪಂದ್ಯಗಳಿಗೂ ಇತರ ಕಾರ್ಯಗಳಿಗೂ ದೂರ ಪ್ರಯಾಣ ಮಾಡಬೇಕಾಗಿದ್ದ ಮಕ್ಕಳಿಗೆ ಪಾಠವು ತಪ್ಪುತ್ತಿದ್ದುದನ್ನು ಕಂಡು, ಜೊನಾಥನ್ ಬರ್ಗ್‌ಮನ್ ಮತ್ತು ಏರನ್ ಸ್ಯಾಮ್ಸ್ ಎಂಬ ಇವರು ೨೦೦೭ರಲ್ಲಿ ತಮ್ಮ ಪಾಠಗಳನ್ನು ಚಿತ್ರಮುದ್ರಣ ಮಾಡಿಡತೊಡಗಿದರು. ಸ್ವಲ್ಪ ಕಾಲದಲ್ಲಿಯೇ ಅವರಿಗೆ ಒಂದು ಸಂಗತಿಯು ಹೊಳೆಯಿತು. ಮಕ್ಕಳಿಗೆ ಉಪಾಧ್ಯಾಯರು ಬೇಕಾಗುವುದು ಪಾಠವನ್ನು ಕೇಳುವಾಗ ಅಲ್ಲ, ಲೆಕ್ಕವನ್ನು ಬಿಡಿಸುವಾಗ ಸಿಕ್ಕಿಕೊಂಡ ಸಮಯದಲ್ಲಿ. ಆದುದರಿಂದ ಮಕ್ಕಳು ಪಾಠವನ್ನು ಮನೆಯಲ್ಲಿಯೇ ಕೇಳಲಿ, ಮನೆಗೆಲಸವನ್ನು ತರಗತಿಯಲ್ಲಿ ಮಾಡಲಿ ಎಂದು ಗೊತ್ತುಮಾಡಿದರು. ನಮ್ಮ ಪಾಠಶಾಲೆಗಳಲ್ಲಿ ಮೂಲವನ್ನು ವಲ್ಲಿ ಹಾಕಿ ಬಾಯಿಪಾಠ ಮಾಡಿಕೊಂಡು ಬರುವುದು ಶಿಷ್ಯನ ಹೊಣೆ, ವ್ಯಾಖ್ಯಾನವೂ ಶಂಕಾಪರಿಹಾರವೂ ಗುರುವಿನ ಸನ್ನಿಧಿಯಲ್ಲಿ ಎಂಬ ಸಂಪ್ರದಾಯವಿದ್ದುದನ್ನು ಬಲ್ಲವರಿಗೆ ಇದು ತೀರ ಅಪರಿಚಿತವಾಗಿ ತೋರದು. ಭೇದವೇನೆಂದರೆ, ಮೂಲದ ಸ್ಥಾನದಲ್ಲಿ ಇಲ್ಲಿ ಗುರುವಿನ ವಾಣಿಯೇ ಪೆಟ್ಟಿಗೆಯಲ್ಲಿದೆ. ಬೇಕಾದಾಗ ನಿಲ್ಲಿಸಿ ಮತ್ತೆ ಕೇಳಬಹುದು. ಮಂದಬುದ್ಧಿಯೆಂದು ಹೀಗಳೆಯಲ್ಪಟ್ಟ ಎಷ್ಟೋ ಮಕ್ಕಳು ವಸ್ತುತಃ ಎರಡನೆಯ ಸಲ ಕೇಳಲು ನಾಚುವವರು.

ಮನೆಯಲ್ಲಿ ಯಂತ್ರವೂ ವಿದ್ಯುತ್ತೂ ಏಕಾಂತದ ಮೂಲೆಯೂ ಇದ್ದವರಿಗೆ ಇದು ಸರಿ. ಇಲ್ಲದವರ ಪಾಡೇನು? ಇದಕ್ಕೆ ತಕ್ಕಮಟ್ಟಿನ ಉತ್ತರವು ದೆಹಲಿಯಲ್ಲಿ ೨೦೧೫ರಲ್ಲಿ ನಡೆದ ಒಂದು ಪರೀಕ್ಷೆಯಿಂದ ದೊರೆಯಿತು. ಕಾರ್ತಿಕ್ ಮುರಳೀಧರನ್, ಅಭಿಜೀತ್ ಸಿಂಗ್, ಅಲೆಹಾಂಡ್ರೋ ಗನಿಮಿಯನ್ ಎಂಬ ಮೂವರು ಅರ್ಥಶಾಸ್ತ್ರಜ್ಞರು, ಹೆಚ್ಚಾಗಿ ಆರರಿಂದ ಒಂಬತ್ತನೆಯ ತರಗತಿಗಳಲ್ಲಿ ಓದುತ್ತಿದ್ದ ೬೧೯ ಮಕ್ಕಳನ್ನು ಚೀಟಿಯೆತ್ತಿ ಎರಡು ಪಂಗಡ ಮಾಡಿದರು. ಒಂದು ಪಂಗಡಕ್ಕೆ ಶಾಲೆಯ ವೇಳೆಯ ಹೊರಗೆ, ವಾರಕ್ಕೆ ಆರು ದಿನ, ದಿನಕ್ಕೆ ತೊಂಬತ್ತು ನಿಮಿಷದ ಪಾಠ: ಅದರಲ್ಲಿ ಅರ್ಧ ಕಾಲ 'ಮೈಂಡ್‌ಸ್ಪಾರ್ಕ್' ಎಂಬ ಕಂಪ್ಯೂಟರ್ ಅಭ್ಯಾಸ, ಅರ್ಧ ಕಾಲ ಸಣ್ಣ ಗುಂಪಿನಲ್ಲಿ ಉಪಾಧ್ಯಾಯರ ಬೋಧನೆ. ನಾಲ್ಕೂವರೆ ತಿಂಗಳಲ್ಲಿ ಆ ಮಕ್ಕಳು ಗಣಿತದಲ್ಲಿ ೦.೩೭, ಹಿಂದಿಯಲ್ಲಿ ೦.೨೩ ಪ್ರಮಾಣವಿಚಲನೆಯಷ್ಟು ಮುಂದೆ ಬಂದರು. ಶಿಕ್ಷಣದ ಪರೀಕ್ಷೆಗಳಲ್ಲಿ ಇದು ದೊಡ್ಡ ಅಳತೆಯೇ. ೨೦೧೯ರಲ್ಲಿ ಪ್ರಕಟವಾದ ಇವರ ಬರಹದಲ್ಲಿ ಫಲಕ್ಕಿಂತಲೂ ಅದರ ಕಾರಣವು ಹೆಚ್ಚು ಗಮನಾರ್ಹ. ಪ್ರಾರಂಭದಲ್ಲಿ ಅಳೆದಾಗ, ಆರನೆಯ ತರಗತಿಯ ಮಗುವು ಸರಾಸರಿಯಲ್ಲಿ ಗಣಿತದಲ್ಲಿ ಎರಡೂವರೆ ತರಗತಿಗಳಷ್ಟು ಹಿಂದಿದ್ದಿತು. ಒಂಬತ್ತನೆಯ ತರಗತಿಗೆ ಬರುವ ವೇಳೆಗೆ ಈ ಅಂತರವು ನಾಲ್ಕೂವರೆ ತರಗತಿಗಳಷ್ಟಾಗಿದ್ದಿತು. ಎಂದರೆ ಬೀಜಗಣಿತದ ತರಗತಿಯಲ್ಲಿ ಕುಳಿತ ಬಾಲಕನು ಭಾಗಾಕಾರದಲ್ಲಿ ಎಡವುತ್ತಿದ್ದನು. ಯಂತ್ರವು ಮಾಡಿದುದು ಇಷ್ಟೇ: ಅವನು ಎಲ್ಲಿ ನಿಂತಿದ್ದಾನೆಂಬುದನ್ನು ಕಂಡುಹಿಡಿದು ಅಲ್ಲಿಂದಲೇ ಕಲಿಸಲಾರಂಭಿಸಿತು. ಐವತ್ತು ಅರುವತ್ತು ಮಕ್ಕಳ ಮುಂದೆ ಒಂದೇ ಪುಸ್ತಕವನ್ನು ಹಿಡಿದು, ವರ್ಷದ ಕೊನೆಯೊಳಗೆ ಅದನ್ನು ಮುಗಿಸಲೇಬೇಕಾದ ಉಪಾಧ್ಯಾಯನಿಗೆ ಇದು ಶಕ್ಯವಾಗಿರಲಿಲ್ಲ. ಅವನಿಗೆ ಮನಸ್ಸಿರಲಿಲ್ಲವೆಂದು ಹೇಳುವುದು ಅನ್ಯಾಯ.

ಇಷ್ಟು ತಿಳಿದಿದ್ದ ಕಾಲದಲ್ಲಿಯೇ ೨೦೨೦ನೆಯ ಮಾರ್ಚಿಯಲ್ಲಿ ಕೋವಿಡ್ ಮಾರಿಯಿಂದ ದೇಶದ ಶಾಲೆಗಳೆಲ್ಲ ಮುಚ್ಚಿದುವು. ಮಿಶ್ರಣದಿಂದ ಒಂದು ದ್ರವ್ಯವನ್ನು ತೆಗೆದುಹಾಕಿದರೆ ಏನಾಗುವುದೆಂಬುದನ್ನು ಯಾರೂ ಬಯಸದೆಯೇ ಇಡೀ ದೇಶವು ನೋಡುವಂತಾಯಿತು. ಕರ್ನಾಟಕದಲ್ಲಿ ಜುಲೈ ತಿಂಗಳಿಂದ ಚಂದನ ವಾಹಿನಿಯಲ್ಲಿ ಪ್ರೌಢಶಾಲೆಯ ಮಕ್ಕಳಿಗಾಗಿ ಪಾಠಗಳು ಬರತೊಡಗಿದುವು. ಆಗಸ್ಟಿನಲ್ಲಿ 'ವಿದ್ಯಾಗಮ' ಎಂಬ ಏರ್ಪಾಡು ಹುಟ್ಟಿತು. ಮಕ್ಕಳನ್ನು ಮೂರು ಬಗೆಯಾಗಿ ಎಣಿಸಿದರು: ಸ್ಮಾರ್ಟ್‌ಫೋನು ಅಥವಾ ಕಂಪ್ಯೂಟರು ಇರುವವರು, ಸಾಧಾರಣ ಮೊಬೈಲು ಮಾತ್ರ ಇರುವವರು, ಯಾವುದೂ ಇಲ್ಲದವರು. ದೇವಸ್ಥಾನದ ಪೌಳಿಯಲ್ಲಿ, ಅರಳಿಯ ಕಟ್ಟೆಯ ಮೇಲೆ, ಸಮುದಾಯ ಭವನದಲ್ಲಿ ಉಪಾಧ್ಯಾಯರು ಸಣ್ಣ ಸಣ್ಣ ಗುಂಪುಗಳಿಗೆ ಪಾಠ ಹೇಳಿದರು. ಜಗಲಿಯ ಶಾಲೆಯು ಇನ್ನೂರು ವರ್ಷಗಳ ತರುವಾಯ ಮತ್ತೆ ಜಗಲಿಗೆ ಬಂದಿತು. ಆದರೆ ಮಕ್ಕಳಿಗೂ ಉಪಾಧ್ಯಾಯರಿಗೂ ಸೋಂಕು ತಗಲಿದ ಸುದ್ದಿಗಳು ಬಂದುದರಿಂದ ಅಕ್ಟೋಬರಿನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಪಾಠ ಹೇಳಲು ಹೋದವರು ಪ್ರಾಣವನ್ನು ಪಣವಾಗಿಟ್ಟಿದ್ದರೆಂಬುದನ್ನು ಯಂತ್ರದ ಗುಣಗಾನ ಮಾಡುವವರು ಮರೆಯದಿರುವುದು ಒಳ್ಳೆಯದು.

ಆ ವರ್ಷದ ಸೆಪ್ಟೆಂಬರಿನಲ್ಲಿ ದೇಶದ ಗ್ರಾಮಾಂತರ ಪ್ರದೇಶಗಳಲ್ಲಿ 'ಅಸರ್' ಸಮೀಕ್ಷೆಯವರು ದೂರವಾಣಿಯಲ್ಲಿ ವಿಚಾರಿಸಿದಾಗ, ಶಾಲೆಗೆ ದಾಖಲಾದ ಮಕ್ಕಳಲ್ಲಿ ಶೇಕಡ ೬೧.೮ರಷ್ಟು ಮಂದಿಯ ಮನೆಯಲ್ಲಿ ಸ್ಮಾರ್ಟ್‌ಫೋನು ಇದ್ದಿತು. ೨೦೧೮ರಲ್ಲಿ ಇದು ೩೬.೫ ಮಾತ್ರ. ಏರಿಕೆಯು ದೊಡ್ಡದೇ. ಆದರೆ ವಿಚಾರಿಸಿದ ವಾರದಲ್ಲಿ ಶಾಲೆಯಿಂದ ಯಾವುದಾದರೊಂದು ಪಾಠಸಾಮಗ್ರಿಯನ್ನು ಪಡೆದ ಮಕ್ಕಳು ಮೂವರಲ್ಲಿ ಒಬ್ಬರಿಗಿಂತ ಸ್ವಲ್ಪ ಹೆಚ್ಚು. ಫೋನು ಮನೆಯಲ್ಲಿದ್ದರೂ ತಂದೆಯು ಕೂಲಿಗೆ ಹೋಗುವಾಗ ಅವನ ಜೇಬಿನಲ್ಲಿ ಹೋಗುವುದು. ಒಂದೇ ಫೋನಿಗೆ ಅಣ್ಣ ತಂಗಿಯರು ಇಬ್ಬರಿದ್ದರೆ ಅದು ಅಣ್ಣನ ಕೈಯಲ್ಲಿ ಮೊದಲು ನಿಲ್ಲುವುದು. ಇಂಥವು ಅಂಕಿಗಳಲ್ಲಿ ಕಾಣಬರುವುದಿಲ್ಲ.

೨೦೨೧ನೆಯ ಜನವರಿ ೧ರಂದು ಕರ್ನಾಟಕದಲ್ಲಿ ಹತ್ತನೆಯ ತರಗತಿಯ ಮಕ್ಕಳು ಶಾಲೆಗೆ ಹಿಂದಿರುಗಿದರು; ಆರರಿಂದ ಒಂಬತ್ತನೆಯ ತರಗತಿಯವರಿಗೆ ವಿದ್ಯಾಗಮವು ಶಾಲೆಯ ಆವರಣದಲ್ಲಿಯೇ ಪುನಃ ಆರಂಭವಾಯಿತು. ಮಾರಿಯ ಎರಡನೆಯ ಅಲೆಯಲ್ಲಿ ಬಾಗಿಲುಗಳು ಮತ್ತೊಮ್ಮೆ ಮುಚ್ಚಿದುವು. ಎಲ್ಲವೂ ಶಾಂತವಾದ ಬಳಿಕ, ೨೦೨೨-೨೩ನೆಯ ಸಾಲಿಗೆ ಸರ್ಕಾರವು 'ಕಲಿಕಾ ಚೇತರಿಕೆ' ಎಂಬ ಕಾರ್ಯಕ್ರಮವನ್ನು ಒಂದರಿಂದ ಒಂಬತ್ತನೆಯ ತರಗತಿಯವರೆಗೆ ಏರ್ಪಡಿಸಿತು. ಎರಡು ವರ್ಷಗಳಲ್ಲಿ ಮಗುವು ಎಲ್ಲಿಗೆ ಹಿಂದೆ ಸರಿದಿದೆಯೆಂಬುದನ್ನು ಉಪಾಧ್ಯಾಯರು ಮೊದಲು ಕಂಡುಕೊಂಡು ಅಲ್ಲಿಂದ ಮುಂದುವರಿಸತಕ್ಕದ್ದೆಂಬುದು ಅದರ ಕ್ರಮ. ಪಠ್ಯಪುಸ್ತಕದ ಪುಟಗಳಲ್ಲಿ, ಫೋನಿನಿಂದ ಹಿಡಿದರೆ ಪಾಠವನ್ನು ತೋರಿಸುವ ಚೌಕದ ಚಿಹ್ನೆಗಳು ಅದಕ್ಕೆ ಮುಂಚೆಯೇ ಬಂದಿದ್ದುವು. ಆದರೆ ಆ ವರ್ಷ ಮಕ್ಕಳ ಕೈಗೆ ಬಂದುದು ಮುದ್ರಿತವಾದ ಕಲಿಕಾ ಹಾಳೆಗಳು. ಅವುಗಳ ಮೇಲೆ ಅವರು ಪೆನ್ಸಿಲಿನಿಂದ ಬರೆದರು, ಉಪಾಧ್ಯಾಯರು ಪಕ್ಕದಲ್ಲಿ ಕುಳಿತು ತಿದ್ದಿದರು.